ಹನ್ನೊಂದನೇ ನಂಬರಿನ ಅಂಗಿ

ಗುರುವಾರ, ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ನಾಲ್ಕು ಸಲ ಬರೆದು ಹರಿದು ಹಾಕಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ, ಕೂಡಿಸಿಕೊಂಡು ಓದು. ಫೋನಿನಲ್ಲಾದರೆ ನೀನು ನಗಿಸಿ ನನ್ನ ಬಾಯಿ ಮುಚ್ಚಿಸಿಬಿಡುತ್ತೀ.

ನಿಮ್ಮ ಬ್ಯಾಸ್ಕೆಟ್‌ಬಾಲ್ ಟೀಮಿನ ಮ್ಯಾನೇಜರ್ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. "ಹದಿನೇಳು ವರ್ಷ ಒಂದೇ ಟೀಮು ಅಕ್ಕಾ. ಯಾರ್ಯಾರು ಕರೆದ್ರೂ ಹೋಗ್ಲಿಲ್ಲ ಅವನು. ಭಾನುವಾರದ ಫೈನಲ್ ಆದ್ಮೇಲೆ ಆಟ ಬಿಡ್ತಾನಲ್ಲ, ಅವನ ಹನ್ನೊಂದನೇ ನಂಬರ್ ಇನ್ಯಾರಿಗೂ ಕೊಡಲ್ಲ. ಎಂಟಡಿ ಅಂಗಿ ಹೊಲಿದುಕೊಡಿ, ಅವನ ಗೌರವಕ್ಕೆ ಸ್ಟೇಡಿಯಂ ಸೂರಿಗೆ ಕಟ್ತೀವಿ" ಎಂದರು. ಮೇಜಿನ ಮೇಲೆ ಬಟ್ಟೆ ಹಾಸಿದರೆ ಗುಂಡಿ ಹಚ್ಚುವವಳು, "ಇದೇನಕ್ಕಾ, ಆನೆಗೆ ಮದುವೆನಾ?" ಎಂದಳು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಬದುಕಿರುವವನ ಅಂಗಿಯನ್ನು ನೇತುಹಾಕುವುದು ಅಪಶಕುನ ಎನಿಸಿತು. ಹಗ್ಗ ಕಂಡರೂ ಹಾವೆನ್ನುವವಳು ನಾನು, ನಿನಗೆ ಗೊತ್ತಲ್ಲ.

ಟೇಪಿಗೆ ಆ ಪುಕ್ಕಲುತನ ಇಲ್ಲವಲ್ಲ. ಇಷ್ಟು ವರ್ಷ ನಿನ್ನ ಎದೆಯಳತೆ ನಲವತ್ತೆರಡು ಇಂಚು. ಆರು ತಿಂಗಳ ಹಿಂದೆ ನಲವತ್ತು. ಹೋದ ವಾರ ಮೂವತ್ತೇಳೂವರೆ. ಎರಡು ಸಲ ಹಿಡಿದು ನೋಡಿದೆ. ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಕ್ಕವು. "ಡಯಟ್ ಕಣಕ್ಕ. ವಯಸ್ಸಾದವ್ರು ಹಗುರ ಇರ್ಬೇಕು" ಎಂದೆ ನೀನು. ಡಾಕ್ಟರ್ ಹತ್ತಿರ ಹೋಗೋ ಎಂದರೆ, "ಭಾನುವಾರ ಕಳೀಲಿ. ಫೈನಲ್ ಅಂಗೀನ ಪಕ್ಕದಲ್ಲಿ ಎರಡಿಂಚು ಒಳಗೆ ಹಿಡಿದು ಹೊಲಿದುಬಿಡು, ಮನೇಲಿ ಹೇಳ್ಬೇಡ" ಎಂದು ಹೊರಟೆ.

ಸೆಮಿಫೈನಲ್ ಟೀವಿಯಲ್ಲಿ ನೋಡಿದೆ. ನೀನು ಹಾರಿ ಚೆಂಡು ಹಾಕಿದ್ದಕ್ಕೆ ಜನ ನಿನ್ನ ಅಡ್ಡಹೆಸರು ಹಿಡಿದು "ಏಣಿ, ಏಣಿ" ಎಂದು ಕೂಗುತ್ತಿದ್ದರು. ಇಳಿದ ಮೇಲೆ ನೀನು ಬುಟ್ಟಿಯ ಕಂಬ ಹಿಡಿದು ನಿಂತೆ. ಅವರು ಅದನ್ನು ನೋಡಲಿಲ್ಲ.

ಈ ವರ್ಷ ಬೇರೆ ಯಾರಾದರೂ ಗೆಲ್ಲಲಿ ಮರಿ. ಈ ಕಾಗದವನ್ನು ಇವತ್ತೇ ಅಂಗಡಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ; ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಡಿ, ಅಂಗಡಿ ಮುಚ್ಚಿ ನಾನೂ ಬರುತ್ತೇನೆ. ನನ್ನ ಆಯಸ್ಸೂ ಸೇರಿ ನಿನಗೆ ಬರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಅಪ್ಪ ಸೊರಗುತ್ತಾ ಬಂದಾಗ ನೀನು ಮೂರು ವರ್ಷದವನು. "ಒಂದು ಹೊಲಿಗೆ ಒಳಗೆ ಹಾಕು ಮಗಳೇ, ಅಮ್ಮಂಗೆ ಹೇಳ್ಬೇಡ" ಎಂದು ಅಂಗಿಗಳನ್ನು ನನ್ನ ಕೈಗೆ ಕೊಡುತ್ತಿದ್ದರು. ಮೂರು ಸಲ ಹಿಡಿದುಕೊಟ್ಟೆ. ಚೆನ್ನಾಗಿ ಹೊಲಿದೆ ಎಂದು ಬೆನ್ನು ತಟ್ಟಿದರು. ಅಮ್ಮನಿಗೆ ಗೊತ್ತಾಗುವಷ್ಟರಲ್ಲಿ ಡಾಕ್ಟರು ಕೈಚೆಲ್ಲಿದ್ದರು. ಅಮ್ಮ ಸಾಯುವವರೆಗೂ ನಾನು ಬಾಯಿಬಿಡಲಿಲ್ಲ. ನಿನ್ನ ಫೈನಲ್ ಅಂಗಿಯನ್ನು ಮಾತ್ರ ಹಿಡಿದಿಲ್ಲ. ಇದ್ದ ಹಾಗೆಯೇ ನಿನ್ನ ಹೆಂಡತಿಯ ಕೈಗೆ ಕೊಟ್ಟು ಬಂದಿದ್ದೇನೆ, ಮೂರು ಅಳತೆಗಳನ್ನೂ ಬರೆದಿಟ್ಟು.