ನೀವು ಕಾಲಿಡದ ಬಚ್ಚಲುಮನೆ

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅಡುಗೆ ಅನಿಲದ ತಪಾಸಣೆಯ ಹೊಣೆ ಹೊತ್ತಿರುವ ಸುರಕ್ಷತಾಧಿಕಾರಿಗಳಾದ ಮಾನ್ಯರೇ,

ಬರುವ ತಿಂಗಳು ನನ್ನ ಮಗಳು ಸುಮನಾ ತನ್ನ ಹಸುಗೂಸನ್ನು ಎತ್ತಿಕೊಂಡು ಕುಣಿಗಲ್ಲಿನ ಗಂಡನ ಮನೆಗೆ ಹೋಗಬೇಕು. ಆ ಮನೆಯ ಬಚ್ಚಲಲ್ಲಿ ಒಂದು ಗ್ಯಾಸ್ ಗೀಸರ್ ಇದೆ. ಆ ಮನೆ ಸುರಕ್ಷಿತವೆಂದು ನಿಮ್ಮ ಕಚೇರಿ ಮೆಸೇಜ್ ಕಳಿಸಿದೆ. ನಿಮ್ಮವರು ಯಾರೂ ಆ ಬಚ್ಚಲಿನೊಳಗೆ ಕಾಲಿಟ್ಟಿಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೆಲ್ಲ ಊರಿಗೇ ಕೇಳುವ ಹಾಗೆ ಪತ್ರ ಬರೆಯಬೇಕಿತ್ತೇ ಎಂದು ತಾವು ಬೇಸರಪಡಬಹುದು. ಲಕೋಟೆಯಲ್ಲಿಟ್ಟೂ ಬರೆದು ನೋಡಿದೆ ಸ್ವಾಮಿ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಫೋನ್ ಮಾಡಿದರೆ ಒಬ್ಬಾಕೆ ಬಹಳ ಇಂಪಾಗಿ ಕನ್ನಡಕ್ಕೆ ಒಂದನ್ನು ಒತ್ತಿ ಎನ್ನುತ್ತಾಳೆ. ಒತ್ತಿದೆ. ಆಮೇಲೆ ಹಾಡು ಬಂತು. ಹಾಡು ಮುಗಿಯುವಷ್ಟರಲ್ಲಿ ನನ್ನ ಸಾರು ಸೀದುಹೋಯಿತು.

ನಾನು ಶಿರಾ ಗೇಟ್ ಬಳಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ನನ್ನ ಕಸುಬಿನಲ್ಲಿ ಅಳತೆ ತೆಗೆದುಕೊಳ್ಳದೆ ರವಿಕೆ ಹೊಲಿದರೆ ಗಿರಾಕಿ ಅದನ್ನು ನನ್ನ ಮುಖದ ಮೇಲೆ ಎಸೆದು ಹೋಗುತ್ತಾಳೆ. ನಿಮ್ಮ ಕಸುಬು ಎಷ್ಟು ಚೆಂದ ನೋಡಿ. ಅಳತೆಯನ್ನೂ ತೆಗೆಯುವುದಿಲ್ಲ, ಬಟ್ಟೆಯನ್ನೂ ಮುಟ್ಟುವುದಿಲ್ಲ, ರವಿಕೆ ಮೈಗೆ ಚೆನ್ನಾಗಿ ಹಿಡಿದಿದೆ ಎಂದು ನೀವೇ ಗಿರಾಕಿಗೆ ತಿಳಿಸುತ್ತೀರಿ. ಈ ವಿದ್ಯೆ ಮೊದಲೇ ಗೊತ್ತಿದ್ದರೆ ನಾನು ಕತ್ತರಿಯನ್ನೇ ಹಿಡಿಯುತ್ತಿರಲಿಲ್ಲ.

ನಿಮ್ಮ ತಪಾಸಕರು ನಮ್ಮ ಮನೆಗೂ ಬಂದಿದ್ದರು. ಸುಮನಾ ಹೆರಿಗೆಗೆಂದು ತವರಿಗೆ ಬಂದ ಹೊಸತು. ತಪಾಸಕರ ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ಅಡುಗೆಮನೆಯ ಹೊಸ್ತಿಲ ಮೇಲೆ ನಿಂತುಕೊಂಡೇ ಒಲೆಯದೊಂದು ಫೋಟೋ, ಸಿಲಿಂಡರಿನದೊಂದು ಫೋಟೋ, ಒಲೆಯ ಪಕ್ಕ ನನ್ನನ್ನು ನಿಲ್ಲಿಸಿ ನನ್ನದೊಂದು ಫೋಟೋ ಹೊಡೆದುಕೊಂಡರು. ರೆಗ್ಯುಲೇಟರ್ ಮುಟ್ಟಲಿಲ್ಲ. ಟ್ಯೂಬನ್ನು ಬಗ್ಗಿ ನೋಡಲಿಲ್ಲ. ಬಗ್ಗಿದರೆ ಇಸ್ತ್ರಿ ಮುದುಡುತ್ತದೆಂದು ಇರಬೇಕು. ಆಮೇಲೆ ಓಟಿಪಿ ಕೇಳಿದರು.

"ಬಚ್ಚಲಲ್ಲಿ ಗ್ಯಾಸ್ ಗೀಸರ್ ಐತಪ್ಪ, ಅದ್ನೂ ಒಂಚೂರು ನೋಡ್ಬುಡಿ," ಅಂದೆ. "ಉರಿ ಯಾಕೋ ಹಳದಿ ಬರ್ತದೆ. ಹತ್ತುವಾಗ ಭಗ್ ಅಂತದೆ. ಮೇಲುಗಡೆ ಮಸಿ ಬೇರೆ ಕಟ್ಟೈತೆ."

"ಗೀಸರ್ ನಮ್ಗೆ ಬರಲ್ಲ ಅಮ್ಮಾ. ನಮ್ದು ಅಡ್ಗೆಮನೆವರ್ಗೆ ಅಷ್ಟೇ."

"ಅದಕ್ಕಿರೋ ಸಿಲಿಂಡರ್ ನಿಮ್ದೇ ಅಲ್ವಾ?"

"ಸಿಲಿಂಡರ್ ನಮ್ದೇ. ಬಚ್ಚಲಿಗೆ ಹೋದ್ಮೇಲೆ ನಮ್ದಲ್ಲ."

ಅಡುಗೆಮನೆಯಲ್ಲಿದ್ದಾಗ ನಿಮ್ಮ ಮನೆಮಗ, ನಾಲ್ಕು ಹೆಜ್ಜೆ ಆಚೆಗೆ ಹೋದರೆ ಗುರುತಿಲ್ಲದವನು. ಹೋಗಲಿ, ನಮ್ಮ ಗೀಸರಿಗೆ ಅಪ್ಪ ಅಮ್ಮ ಯಾರೆಂದು ಹುಡುಕಲು ನಾನೇ ಹೊರಟೆ. ಮಾರಿದ ಅಂಗಡಿಯವರು, "ಮಷೀನ್ ನಮ್ದು, ಫಿಟ್ಟಿಂಗ್ ನಮ್ದಲ್ಲ, ಕೂರ್ಸಿದೋರ್ನ ಕೇಳಿ," ಅಂದರು. ಕೂರಿಸಿದವನು ಗುಬ್ಬಿಯ ಪ್ಲಂಬರ್ ತಿಮ್ಮೇಶ್. ಅವನು, "ಅಕ್ಕಾ, ನಾನು ನೀರಿನ ಪೈಪಿನೋನು. ನೀರು ಸೋರಿದ್ರೆ ಓಡ್ಬರ್ತೀನಿ. ಗ್ಯಾಸ್ ಸೋರಿದ್ರೆ ನಾನೂ ಓಡ್ತೀನಿ, ಆ ಕಡೀಕೆ," ಅಂದ. ಇಡೀ ಜಿಲ್ಲೆಯಲ್ಲಿ ನನಗೆ ಸಿಕ್ಕ ಪ್ರಾಮಾಣಿಕ ಉತ್ತರ ಅದೊಂದೇ.

ಇನ್ನು ನಮ್ಮ ಯಜಮಾನರು ಚನ್ನವೀರಯ್ಯನವರು. ಸಹಕಾರ ಸಂಘದಲ್ಲಿ ಕೆಲಸ, ಮನೆಯಲ್ಲಿ ಸ್ವಯಂಘೋಷಿತ ಮೆಕ್ಯಾನಿಕ್ಕು. ನಿಮ್ಮವರು ನೋಡದಿದ್ದರೆ ಏನಂತೆ, ನಾನಿದ್ದೇನೆ ಎಂದು ಬೆಂಕಿಪೊಟ್ಟಣ ತೆಗೆದುಕೊಂಡು ಬಚ್ಚಲಿಗೆ ನಡೆದರು. ಕಡ್ಡಿ ಗೀರಿ ಟ್ಯೂಬಿನ ಉದ್ದಕ್ಕೂ ಆರತಿ ಎತ್ತಿದರು. "ಹತ್ಕಂಡ್ರೆ ಲೀಕು, ಹತ್ಕಳ್ದಿದ್ರೆ ಇಲ್ಲ, ಅಷ್ಟೇ ಕಣೇ," ಎಂದು ನನಗೇ ಪಾಠ ಬೇರೆ. ಹತ್ತಿಕೊಳ್ಳಲಿಲ್ಲ. ಸಿದ್ಧಗಂಗೆಯ ಕಡೆ ತಿರುಗಿ ಕೈಮುಗಿದೆ. ಇದು ನಮ್ಮ ಮನೆಯ ಪೆದ್ದುತನ ಮಾತ್ರವೆಂದು ನಗಬೇಡಿ. ಕೋರದಿಂದ ನಿಟ್ಟೂರಿನವರೆಗೆ ಯಾವ ಮನೆಯಲ್ಲಿ ಬೇಕಾದರೂ ಕೇಳಿ, ಗ್ಯಾಸ್ ಸೋರುತ್ತದೆಯೇ ಎಂದು ನೋಡಲು ಗಂಡಸರು ಮೊದಲು ತಡಕುವುದು ಬೆಂಕಿಪೊಟ್ಟಣವನ್ನೇ. ಬೆಂಕಿ ತರಬಾರದು, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು ಎಂದು ನಮಗೆ ಹೇಳಿದ್ದು ಯಾರು ಗೊತ್ತೇ? ಆಸ್ಪತ್ರೆಯ ಡಾಕ್ಟರಮ್ಮ. ಗ್ಯಾಸಿನ ವಿಚಾರ ಡಾಕ್ಟರು ಹೇಳಬೇಕಾದರೆ, ಇನ್ನು ಮೇಲೆ ಕೆಮ್ಮು ನೆಗಡಿಗೆ ನಿಮ್ಮ ಕಚೇರಿಗೆ ಬರಬೇಕೇನೋ.

ಆಸ್ಪತ್ರೆಗೆ ಯಾಕೆ ಹೋದೆವು ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಕುರ್ಚಿ ಎಳೆದುಕೊಂಡು ಕುಳಿತು ಓದಿ.

ಸುಮನಾಗೆ ಹೆಣ್ಣುಮಗು ಆಯಿತು. ಬಾಣಂತನದ ಯಜಮಾನಿಕೆ ನಮ್ಮತ್ತೆ ತಿಪ್ಪಮ್ಮನವರದು. ನಿಟ್ಟೂರಿನವರು, ಹತ್ತೂರ ಬಾಣಂತನ ಮಾಡಿಸಿದ ಕೈ. ಅವರ ಕಾನೂನಿನಲ್ಲಿ ಮೊದಲನೆಯದು, ಬಾಣಂತಿಯ ಹಸಿಮೈಗೆ ಗಾಳಿ ತಾಗಬಾರದು. ಹಾಗಾಗಿ ಬಚ್ಚಲಿನ ವೆಂಟಿಲೇಟರಿಗೆ ಗೋಣಿಚೀಲ ತುರುಕಿದೆವು. ಬಾಗಿಲ ಸಂದಿಗೆ ಒಳಗಡೆಯಿಂದ ಹಳೆಯ ಸೀರೆ ಮಡಿಸಿ ಒತ್ತಿದೆವು. ಉರಿ ಹಳದಿ ಬರುತ್ತಿದೆಯಲ್ಲ ಅತ್ತೆ ಎಂದರೆ, "ಬಂದ್ರೆ ಏನಾತು ಬುಡು. ನಮ್ಮೂರ ಹಂಡೆ ಒಲೇಲಿ ಉರಿ ಏನ್ ನೀಲಿ ಇತ್ತಾ?" ಅಂದರು. ಈ ಮಾತಿಗೆ ನಿಮ್ಮ ಕಚೇರಿಯಲ್ಲಿ ಉತ್ತರ ಇದ್ದಿರಬಹುದು, ನಮ್ಮ ಮನೆಯಲ್ಲಿ ಇರಲಿಲ್ಲ. ಹಂಡೆಯಿದ್ದ ಆ ಬಚ್ಚಲಿಗೆ ನಾಡಹೆಂಚಿನ ಮಾಡು ಇತ್ತು, ಹೊಗೆ ಹೋಗಲು ಗವಾಕ್ಷಿ ಇತ್ತು, ನಮ್ಮದು ನಾಲ್ಕೂ ಕಡೆ ಟೈಲ್ಸ್ ಬಡಿದ ಡಬ್ಬಿ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ನೀರು ಹಾಕಲು ಹಿಂದಿನ ಬೀದಿಯ ಚಿಕ್ಕಗಂಗಮ್ಮ ಬರುತ್ತಿದ್ದಳು. ಗೀಸರ್ ಹಚ್ಚಿಟ್ಟು, ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುವಳು. ಮಗುವನ್ನು ನನ್ನ ಕೈಗೆ ಕೊಟ್ಟ ಮೇಲೆ ಬಾಣಂತಿಯ ಸರದಿ. ಬಾಣಂತಿ ನೀರೆಂದರೆ ನಿಮಗೆ ಗೊತ್ತಿರಬೇಕು, ನೀವೂ ಒಬ್ಬ ತಾಯಿಯ ಮಗ. ಕೊಡಗಟ್ಟಲೆ ಸುಡುನೀರು. ಗೀಸರ್ ಒಂದೇ ಸಮ ಉರಿಯುತ್ತಲೇ ಇರುತ್ತಿತ್ತು. ಮಗು ಎರೆದ ಮೇಲೆ ಕಣ್ಣೇ ಬಿಡದೆ ಮಲಗುತ್ತಿತ್ತು. "ಚಿಕ್ಕಗಂಗಮ್ಮನ ಕೈಗುಣ, ಹೆಂಗ್ ನಿದ್ದೆ ಹೊಡೀತದೆ ನೋಡು," ಎಂದು ಅತ್ತೆ ದೃಷ್ಟಿ ತೆಗೆಯುತ್ತಿದ್ದರು. ಸುಮನಾಗೆ ಸ್ನಾನದ ನಂತರ ತಲೆನೋವು, ವಾಕರಿಕೆ. ಬಾಣಂತಿಗೆ ನಿಶ್ಶಕ್ತಿ ಸಹಜ ಎಂದು ಒಂದು ಚಮಚ ತುಪ್ಪ ಹೆಚ್ಚು ಹಾಕಿದೆ.

ಅವತ್ತು ಚಿಕ್ಕಗಂಗಮ್ಮ ಮಗುವನ್ನು ತಂದುಕೊಟ್ಟು, "ತಲೆ ಧಿಂ ಅಂತೈತಲ್ಲವ್ವಾ, ವಸಿ ಕುಂತ್ಕತೀನಿ," ಎಂದು ಹಜಾರದಲ್ಲೇ ಗೋಡೆಗೆ ಒರಗಿದಳು. ಸುಮನಾ, "ನಾನೇ ಹುಯ್ಕೊತೀನಿ, ನೀನ್ ಕೂತ್ಕೊ," ಎಂದದ್ದು ಕೇಳಿಸಿತು. ನಾನು ಮಗುವಿಗೆ ಸಾಂಬ್ರಾಣಿ ಹಿಡಿಯುತ್ತಿದ್ದೆ. ಒಳಗೆ ನೀರು ಬೀಳುವ ಸದ್ದು ಒಂದೇ ಸಮ ಬರುತ್ತಿತ್ತು. ಮೈಮೇಲೆ ಬೀಳುವ ನೀರಿಗೂ ಬರಿಯ ನೆಲಕ್ಕೆ ಬೀಳುವ ನೀರಿಗೂ ಸದ್ದು ಬೇರೆ. ಅದು ತಿಳಿಯಲು ನನಗೆ ಯಾಕೆ ಅಷ್ಟು ಹೊತ್ತು ಬೇಕಾಯಿತೋ ಕಾಣೆ. ಕೂಗಿದೆ. ಮತ್ತೆ ಕೂಗಿದೆ. ಬಾಗಿಲು ನೂಕಿದರೆ ಸೀರೆ ಮಡಿಕೆ ಅಡ್ಡ. ಯಜಮಾನರು ಭುಜ ಕೊಟ್ಟು ತಳ್ಳಿದರು. ನನ್ನ ಮಗಳು ಗೋಡೆ ಮೂಲೆಯಲ್ಲಿ ಕುಸಿದು ಕುಳಿತಿದ್ದಳು, ನಲ್ಲಿಯ ನೀರು ಹರಿಯುತ್ತಲೇ ಇತ್ತು, ಮೇಲೆ ಗೀಸರ್ ಹಳದಿಯಾಗಿ ಉರಿಯುತ್ತಿತ್ತು. ನಗೆಚಾಟಿಕೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಅಳುತ್ತಾಳೆಂದು ತಪ್ಪು ತಿಳಿಯಬೇಡಿ.

ಆಟೋದಲ್ಲಿ ಹಾಕಿಕೊಂಡು ಓಡಿದೆವು. ಬೀದಿಗಾಳಿ ಮುಖಕ್ಕೆ ಹೊಡೆದಾಗ ಒಮ್ಮೆ ಕಣ್ಣುಬಿಟ್ಟಳು. ಬಾಣಂತಿಗೆ ತಾಗಬಾರದೆಂದು ನಾವು ಚೀಲ ತುರುಕಿ ತಡೆದಿದ್ದ ಅದೇ ಗಾಳಿ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ ಎಂದು. ಎರಡನೆಯದು, ವೆಂಟಿಲೇಟರ್ ಮುಚ್ಚಿದ್ದೀರಾ. ಗ್ಯಾಸ್ ಸೋರಿದ್ದರೆ ವಾಸನೆ ಬರುತ್ತಿತ್ತಲ್ಲ ಎಂದು ಯಜಮಾನರು ವಾದಕ್ಕೆ ನಿಂತರು. ಸೋರಿದರೆ ವಾಸನೆ ಬರುತ್ತದೆ, ಆದರೆ ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ ಎಂದರು ಆಕೆ. ಆಮೇಲೆ ಮಗುವನ್ನು ಎತ್ತಿಕೊಂಡು ಕೇಳಿದರು, "ಸ್ನಾನ ಆದ್ಮೇಲೆ ಪಾಪು ತುಂಬಾ ನಿದ್ದೆ ಮಾಡ್ತಿತ್ತಾ?" ನಮ್ಮತ್ತೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ತಾಯಿ ಮಗು ಇಬ್ಬರೂ ಉಳಿದರು. ನಿಮ್ಮ ಪುಣ್ಯದಿಂದಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಫೋನ್ ನೋಡಿಕೊಂಡೆ. ನಿಮ್ಮ ಕಚೇರಿಯ ಹಳೆಯ ಮೆಸೇಜು ಅದರಲ್ಲಿ ಹಾಗೇ ಇತ್ತು: ನಿಮ್ಮ ಮನೆಯ ತಪಾಸಣೆ ಪೂರ್ಣಗೊಂಡಿದೆ, ನಿಮ್ಮ ಮನೆ ಸುರಕ್ಷಿತವಾಗಿದೆ, ಧನ್ಯವಾದಗಳು. ಧನ್ಯವಾದ ಯಾತಕ್ಕೆ ಎಂದು ಇವತ್ತಿನವರೆಗೂ ಅರ್ಥವಾಗಿಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ವೆಂಟಿಲೇಟರ್ ಮುಚ್ಚಿದವರು ನೀವು, ಬಾಣಂತನ ನಿಮ್ಮದು, ಗೀಸರನ್ನು ಬಚ್ಚಲೊಳಗೆ ಕೂರಿಸಿಕೊಂಡವರು ನೀವು. ಹೌದು ಸ್ವಾಮಿ, ನಾವೇ. ಒಪ್ಪಿಕೊಂಡೆ. ಆದರೆ ಬಚ್ಚಲಿಗೆ ಬಂದು ಒಮ್ಮೆ ತಲೆಯೆತ್ತಿ ನೋಡಿದ್ದರೆ, "ಅಮ್ಮಾ, ಈ ಕಿಂಡಿ ಮುಚ್ಬೇಡಿ, ಉರಿ ಹಳದಿ ಬಂದ್ರೆ ಆರ್ಸಿ ಸರ್ವೀಸ್ ಮಾಡ್ಸಿ, ಆಗೋದಾದ್ರೆ ಗೀಸರ್‌ನ ಹೊರಗಡೆ ಗೋಡೆಗೆ ಹಾಕಿಸ್ಕೊಳ್ಳಿ," ಎಂದು ನಿಮ್ಮವರು ಹೇಳಿದ್ದರೆ ಅವರ ನಾಲಗೆ ಸವೆಯುತ್ತಿತ್ತೇ? ಮನೆಗೆ ಬಂದವರಿಗೆ ಆ ಮನೆಯಲ್ಲಿ ಬಸುರಿ ಇದ್ದಾಳೆಂದು ಕಾಣಲಿಲ್ಲವೇ? ತುಂಬಿದ ಹೊಟ್ಟೆ ಹೊತ್ತು ಅವಳೇ ಅವರಿಗೆ ಕಾಫಿ ತಂದುಕೊಟ್ಟಳು. ಕುಡಿದರು, ಚೆನ್ನಾಗಿದೆ ಅಂದರು. ಕಾಫಿಯ ತಪಾಸಣೆ ಮಾತ್ರ ಸರಿಯಾಗಿ ಆಯಿತು.

ಈಗ ಕುಣಿಗಲ್ಲಿಗೆ ಬರೋಣ. ಅಳಿಯ ರೇಣುಕಾಪ್ರಸಾದ್ ಒಳ್ಳೆಯವನು, ಆದರೆ ಅಮ್ಮನ ಮಾತಿಗೆ ಎದುರಾಡದವನು. ಬೀಗಿತ್ತಿ ಶಕುಂತಲಮ್ಮನವರಿಗೆ, ಗೀಸರನ್ನು ಹೊರಗೆ ಹಾಕಿಸಿ, ಅದಾದ ಮೇಲೆ ಮಗಳನ್ನೂ ಮಗುವನ್ನೂ ಕಳಿಸುತ್ತೇನೆ ಎಂದು ವಿನಯದಿಂದಲೇ ಹೇಳಿದೆ. "ನಮ್ಮನೇಲಿ ವರ್ಷಾನುಗಟ್ಲೆಯಿಂದ ಐತೆ, ಯಾರ್ ಸತ್ತವ್ರೆ?" ಎಂದು ಕೇಳಿದರು. ಆಮೇಲೆ ತಮ್ಮ ಮನೆಗೂ ಬಂದಿದ್ದ ನಿಮ್ಮ ಮೆಸೇಜನ್ನು ಫೋನಿನಲ್ಲಿ ಓದಿ ಹೇಳಿದರು. "ಆಫೀಸ್ನೋರೇ ಸೇಫ್ ಅಂದವ್ರೆ. ನೀವೇನು ಅವ್ರಿಗಿಂತ ದೊಡ್ಡೋರಾ? ಮಗ್ಳುನ್ನ ಮನೇಲಿ ಇಟ್ಕೊಳಕ್ಕೆ ಗೀಸರ್ ಒಂದು ನೆಪ." ಈಗ ಎರಡು ಮನೆಗಳ ನಡುವೆ ಮಾತು ನಿಂತಿದೆ. ಸುಮನಾ ಮಧ್ಯದಲ್ಲಿ ಕುಳಿತು ಅಳುತ್ತಾಳೆ. ಹೋದರೆ ಆ ಬಚ್ಚಲು, ಹೋಗದಿದ್ದರೆ ಗಂಡನ ಮನೆಯ ಮುನಿಸು. ನಿಮ್ಮ ಒಂದು ಸುಳ್ಳು ಸಾಲು ನನ್ನ ಮಗಳನ್ನು ಹೀಗೆ ಸಿಕ್ಕಿಸಿಟ್ಟಿದೆ. ನಾನು ಅಮ್ಮ, ಆದ್ದರಿಂದ ನನ್ನ ಮಾತು ನೆಪ. ನೀವು ಆಫೀಸು, ಆದ್ದರಿಂದ ನಿಮ್ಮ ಸುಳ್ಳು ಪ್ರಮಾಣ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ, ಆ ತಪಾಸಕರನ್ನು ಕೆಲಸದಿಂದ ತೆಗೆಯುವುದಂತೂ ಬೇಡವೇ ಬೇಡ. ಅವರಿಗೆ ಹೊಸ್ತಿಲಲ್ಲೇ ನಿಲ್ಲಲು ಕಲಿಸಿದವರು ನೀವು. ಕುಣಿಗಲ್ಲಿನ ಆ ಮನೆಗೆ ನಿಮ್ಮವರು ಹೋಗಲಿ. ಬಚ್ಚಲಿನೊಳಗೆ ನಿಲ್ಲಲಿ. ಗೀಸರ್ ಹಚ್ಚಿ ಉರಿಯ ಬಣ್ಣ ನೋಡಲಿ, ಟ್ಯೂಬಿಗೆ ಸೋಪಿನ ನೊರೆ ಹಚ್ಚಲಿ, ಕಿಂಡಿ ಎಲ್ಲಿದೆ ಹುಡುಕಲಿ, ಕಂಡದ್ದನ್ನು ಶಕುಂತಲಮ್ಮನವರ ಮುಂದೆ ಬಾಯಿಬಿಟ್ಟು ಹೇಳಲಿ. ಅದು ನಿಮ್ಮ ಕಾನೂನಿಗೆ ಬರುವುದಿಲ್ಲವೋ, ಬೇಡ, ಇನ್ನೂ ಸುಲಭದ್ದೊಂದು ಮಾಡಿ. ಅದೇ ನಂಬರಿಗೆ ಇನ್ನೊಂದು ಮೆಸೇಜ್ ಕಳಿಸಿ: ನಿಮ್ಮ ಬಚ್ಚಲನ್ನು ನಾವು ನೋಡಿಲ್ಲ. ಅಷ್ಟೇ ಸಾಕು. ಅದು ನಿಮ್ಮ ಕಚೇರಿಯಿಂದ ಹೊರಟ ಮೊದಲ ನಿಜದ ಮಾತಾಗಬಹುದು, ಆದರೂ ಪ್ರಯತ್ನಿಸಿ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ನಾಮಕರಣ ಕುಣಿಗಲ್ಲಿನಲ್ಲೇ ಆಗಬೇಕಂತೆ, ಅವತ್ತು ಬೆಳಿಗ್ಗೆ ಅದಕ್ಕೆ ಆ ಬಚ್ಚಲಲ್ಲೇ ಎರೆಯುತ್ತಾರಂತೆ. ಅಷ್ಟರೊಳಗೆ ನಿಮ್ಮ ಒಂದು ಸಾಲು ಬರಲಿ.

ಇಂತಿ,
ಮಗಳು ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು ಬಾಯ್ತುಂಬ ಮಾತಾಡಿಸುತ್ತಲೇ ಇರುವ,
ದಾಕ್ಷಾಯಣಿ
ರವಿಕೆ ಅಂಗಡಿ, ಶಿರಾ ಗೇಟ್, ತುಮಕೂರು