ಐವತ್ನಾಲ್ಕು ಕಿಲೋದ ಸಾವಕ್ಕಜ್ಜಿಗೆ

ಬೇಗೆ ತಿಂಗಳ ಒಂಬತ್ತನೆಯ ದಿನ, ೨೧೯೪
ಬ್ಯಾಡಗಿ

ಸಾವಕ್ಕಜ್ಜಿಗೆ ನೀಲವ್ವ ಮಾಡುವ ನಮಸ್ಕಾರಗಳು.

ಬೇಗೆ ತಿಂಗಳು ಯಾವುದೆಂದು ಕ್ಯಾಲೆಂಡರ್ ತೆಗೆದು ಹುಡುಕಬೇಡ, ಸಿಗುವುದಿಲ್ಲ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಮೇ ಮತ್ತು ಜೂನ್ ನಡುವೆ ಹದಿಮೂರನೆಯದೊಂದನ್ನು ತುರುಕಿದರು. ನನ್ನ ಮಾತಿನಲ್ಲಿ ಇಂಥ ಪದಗಳು ಇನ್ನೂ ಬರುತ್ತವೆ, ಹೊಟ್ಟೆಗೆ ಹಾಕಿಕೊ. ನೀನು ನನ್ನ ಅಜ್ಜಿಯ ಅಜ್ಜಿಯ ತಾಯಿ. ಈ ಪತ್ರ ತಲುಪುವ ಹೊತ್ತಿಗೆ ನಿನಗೆ ಮೂವತ್ತೆಂಟು, ಬರೆಯುವ ನನಗೆ ನಲವತ್ತಾರು. ನನಗಿಂತ ಚಿಕ್ಕವಳನ್ನು ಅಜ್ಜಿ ಅನ್ನುತ್ತಿದ್ದೇನೆ, ನಗು ಬಂದರೆ ನಕ್ಕುಬಿಡು. ಇದನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಪೆಟ್ಟಿಗೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಒಬ್ಬರಿಗೂ ಬಂದಿಲ್ಲ, ಆದರೂ ಅದರ ಮುಂದೆ ದಿನವೂ ಸಾಲು ನಿಂತಿರುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಕೂತೆ. ಸಮಾಧಾನವಿಲ್ಲ ನನಗೆ. ನಾಳೆ ಹತ್ತು ಗಂಟೆಗೆ ಊರಿನ ಕೆಲಸ ಹಂಚುವ ಮಂಡಳಿ ಕೂಡುತ್ತದೆ, ನನ್ನ ತಮ್ಮ ಫಕೀರೇಶ ಮತ್ತೆ ಹೊಲಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ. ಅವನನ್ನು ಹೊಲ ಬಿಡಿಸಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿನಗೆ ಮೋಸ ಮಾಡಿದಂತೆ ಆಗಬಾರದು.

ನಿನ್ನ ಕಾಲದಲ್ಲಿ ನಮ್ಮ ಮನೆಯವರು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುತ್ತಿದ್ದರು. ಮಹಾನವಮಿಯ ಖಂಡೇಪೂಜೆಯ ದಿನ ಕಬ್ಬಿಣದ ದೊಡ್ಡ ಕಾಟಾಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲಬೇಕು, ಹಿರಿಯರು ತೂಕ ಬರೆದುಕೊಳ್ಳಬೇಕು. ಆ ಪುಸ್ತಕ ನಮ್ಮಲ್ಲಿ ಇನ್ನೂ ಇದೆ. ನೀನು ಸೊಸೆಯಾಗಿ ಬಂದ ವರ್ಷ ಐವತ್ನಾಲ್ಕು ಕಿಲೋ. ಮರುವರ್ಷ ಐವತ್ನಾಲ್ಕು. ಮೂವತ್ತಕ್ಕೆ ಐವತ್ನಾಲ್ಕು. ಮೂವತ್ತೆಂಟಕ್ಕೂ ಅದೇ. ಅಷ್ಟರೊಳಗೆ ನಿನಗೆ ನೆಲದಿಂದ ಏಳುವುದು ಕಷ್ಟವಾಗಿತ್ತು, ತುಂಬಿದ ಕೊಡ ಸೊಂಟಕ್ಕೆ ಏರುತ್ತಿರಲಿಲ್ಲ, ಅಂಗಳದಲ್ಲಿ ಕಾರಣವಿಲ್ಲದೆ ಬೀಳುತ್ತಿದ್ದೆ. ನಿನ್ನ ಅತ್ತೆ ಊರಿಗೆಲ್ಲ ಕೇಳುವಂತೆ ಅಂದ ಮಾತು ಬಾಯಿಂದ ಬಾಯಿಗೆ ಬಂದು ನನ್ನ ಕಿವಿಗೂ ಬಿದ್ದಿದೆ: "ತೂಕ ಹಂಗ ಐತಿ, ಕೂದಲಷ್ಟೂ ಇಳದಿಲ್ಲ. ಏನಾಗೇತಿ ಇಕಿಗೆ? ಬರೇ ಮೈಗಳ್ಳತನ!" ನಿನ್ನ ಗಂಡ ದ್ಯಾಮಣ್ಣ ಒಳ್ಳೆಯವನಂತೆ. ಆದರೆ ಅವನೂ ಕಾಟಾ ಸುಳ್ಳು ಹೇಳಂಗಿಲ್ಲ ಅಂದುಬಿಟ್ಟ. ತೂಕವನ್ನೇ ನಂಬಿ ಉಂಡ ಮನೆ, ಬೇರೆ ಏನು ಅಂದಾನು?

ಕಾಟಾ ಸುಳ್ಳು ಹೇಳಲಿಲ್ಲ ಅಜ್ಜಿ, ಅರ್ಧ ಹೇಳಿತು. ನಿನಗೆ ಇರುವುದು ನಾರುಸವಕಲು. ತಂದೆತಾಯಿಯಿಂದ ಇಳಿದು ಬರುವ ರೋಗ, ಮಾಂಸಖಂಡದ ನಾರು ವರ್ಷಕ್ಕಿಷ್ಟು ಅಂತ ಸವೆಯುತ್ತದೆ, ಆ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ. ಚೀಲದಿಂದ ಕಾಯಿ ತೆಗೆದು ಅಷ್ಟೇ ತೂಕದ ತೊಟ್ಟು ತುಂಬಿದರೆ ಕಾಟಾಕ್ಕೆ ಏನು ಗೊತ್ತಾಗುತ್ತದೆ? ನಿನ್ನ ತೊಡೆಯಲ್ಲಿ, ಸೊಂಟದಲ್ಲಿ ಆದದ್ದು ಅದೇ. ನೀನು ಮೈಗಳ್ಳಿ ಅಲ್ಲ. ನೂರಾ ಅರವತ್ತೆಂಟು ವರ್ಷ ತಡವಾಗಿ ಹೇಳುತ್ತಿದ್ದೇನೆ, ಸಾವಕ್ಕಜ್ಜಿ, ನೀನು ಮೈಗಳ್ಳಿ ಅಲ್ಲವೇ ಅಲ್ಲ.

ಇಷ್ಟು ವರ್ಷವಾದರೂ ಔಷಧ ಸಿಕ್ಕಿಲ್ಲವೇ ಅಂತ ಕೇಳುತ್ತೀ. ಸವೆತ ನಿಧಾನ ಮಾಡುವುದು ಸಿಕ್ಕಿದೆ, ಸವೆದದ್ದನ್ನು ತುಂಬುವುದು ಸಿಕ್ಕಿಲ್ಲ. ಆದರೆ ಅಳೆಯುವುದನ್ನು ಮಾತ್ರ ಚೆನ್ನಾಗಿ ಕಲಿತೆವು. ನಮ್ಮಲ್ಲಿ ಪಾಲುಕನ್ನಡಿ ಇದೆ. ಎದುರಿಗೆ ನಿಂತರೆ ಸಾಕು, ಮೈಯಲ್ಲಿ ನಾರೆಷ್ಟು, ಕೊಬ್ಬೆಷ್ಟು, ಎಲುಬೆಷ್ಟು, ನೀರೆಷ್ಟು ಅಂತ ನೂರಕ್ಕೆ ಲೆಕ್ಕ ಹಾಕಿ ತೋರಿಸುತ್ತದೆ. ದೊಡ್ಡವರೆಲ್ಲ ವರ್ಷಕ್ಕೊಮ್ಮೆ ನಿಲ್ಲಬೇಕು. ಅದನ್ನು ಓದಿ ಸಹಿ ಹಾಕುವವಳು ನಾನು. ಚೀಲ ತೂಗುತ್ತಿದ್ದ ಮನೆತನ ಈಗ ಮನುಷ್ಯರನ್ನು ತೂಗುತ್ತದೆ. ಈ ಕೆಲಸದ ಬಗ್ಗೆ ನನಗೆ ಬಹಳ ಜಂಬವಿತ್ತು.

ನಿನ್ನ ರೋಗ ನನಗೆ ಬರಲಿಲ್ಲ, ಫಕೀರೇಶನಿಗೆ ಬಂತು. ನಲವತ್ನಾಲ್ಕರ ಗಂಡಸು, ಒಂಟಿ ಜೀವ, ಮಾತು ಕಡಿಮೆ. ಅವನ ಕೆಲಸ ನೆರಳುತೆರೆ ಎಳೆಯುವುದು. ಈಗಿನ ಬಿಸಿಲಿಗೆ ಮೆಣಸಿನ ಗಿಡ ತಡೆಯುವುದಿಲ್ಲ, ಅದಕ್ಕೆ ಹೊಲದ ಮೇಲೆ ದೊಡ್ಡ ಬಟ್ಟೆಯ ತೆರೆಗಳನ್ನು ಬೆಳಿಗ್ಗೆ ಹಗ್ಗದಿಂದ ಏರಿಸಿ ಸಂಜೆ ಇಳಿಸಬೇಕು. ನಾರಿನ ಪಾಲು ಇಪ್ಪತ್ತೆರಡಕ್ಕಿಂತ ಕಡಿಮೆ ಇದ್ದವರು ತೆರೆ ಎಳೆಯಕೂಡದು ಅಂತ ನಿಯಮ. ಈ ವರ್ಷ ಅವನದು ಹತ್ತೊಂಬತ್ತು ಬಂತು. ಅವನು ಅಂದ, "ಅಕ್ಕಾ, ಒಂದ್ಸಲ ಹೊಲಕ್ಕ ಬಂದು ನೋಡು. ಆಮ್ಯಾಲೆ ಬರಿ." ನಾನು ತಲೆ ಎತ್ತದೆ ಅಂದೆ, "ಕನ್ನಡಿ ಸುಳ್ಳು ಹೇಳಂಗಿಲ್ಲ, ಸುಮ್ನಿರು." ತೆರೆ ಎಳೆಯಲಾರ ಅಂತ ಬರೆದು ಸಹಿ ಹಾಕಿದೆ. ಥೂ, ನನ್ನ ಬಾಯಿಗೆ ಬೆಂಕಿ ಹಾಕ!

ಅವನನ್ನು ಬೀಜ ಎಣಿಸುವ ಕೋಣೆಯಲ್ಲಿ ಕೂಡಿಸಿದರು. ಇಪ್ಪತ್ತೊಂದು ದಿನವಾಯಿತು. ನನ್ನ ಮನೆ ಕಡೆ ತಲೆ ಹಾಕಿಲ್ಲ. ಈ ರೋಗದವರು ಅತಿಯಾಗಿ ದಣಿಯಲೂಬಾರದು, ಸುಮ್ಮನೆ ಕೂರಲೂಬಾರದು. ಕೂತರೆ ಉಳಿದ ನಾರೂ ಬೇಗ ಸಡಿಲವಾಗುತ್ತದೆ. ಈಗಾಗಲೇ ನೆಲದಿಂದ ಏಳಲು ಅವನಿಗೆ ಮೊದಲಿನ ಎರಡರಷ್ಟು ಹೊತ್ತು ಬೇಕು. ಇನ್ನು ಮೂರು ತಿಂಗಳು ಹೀಗೇ ಕೂಡಿಸಿದರೆ ನಾನು ಬರೆದದ್ದು ನಿಜವೇ ಆಗಿಬಿಡುತ್ತದೆ. ನನಗೆ ಸಮಾಧಾನವಿಲ್ಲದಿರುವುದು ಇದಕ್ಕೇ.

ಮೊನ್ನೆ ಬೆಳಿಗ್ಗೆ ಹೋಗಿ ಅವನ ಕೈಹಿಡಿದು ಹೊಲಕ್ಕೆ ಕರೆದೊಯ್ದೆ. ಬರಲೊಲ್ಲೆ ಅಂದ, ಬಯ್ದೆ, ಬಂದ. ಅವನ ಮುಷ್ಟಿಯ ಬಲ ನನ್ನದರ ಅರ್ಧವೂ ಇಲ್ಲ, ಅದು ಖರೆ. ಆದರೆ ಅವನು ಹಗ್ಗವನ್ನು ಕೈಯಿಂದ ಎಳೆಯುವುದೇ ಇಲ್ಲ. ಹೆಗಲಿಗೆ ಸುತ್ತಿಕೊಂಡು, ಗೂಟಕ್ಕೆ ಬೆನ್ನು ತಿರುಗಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಬಿಡುತ್ತಾನೆ. ಹಗ್ಗ ಒಂದು ಮೊಳ ಬರುತ್ತದೆ. ಕಾಲಿನಿಂದ ಕೊಂಡಿ ಒತ್ತಿ ಬಿಗಿದು ಇಪ್ಪತ್ತು ಎಣಿಸುತ್ತಾನೆ, ಮತ್ತೆ ಬಿಡುತ್ತಾನೆ. ಏಳು ತೆರೆಗೆ ಬೇರೆಯವರಿಗೆ ಇಪ್ಪತ್ತು ನಿಮಿಷ, ಅವನಿಗೆ ನಲವತ್ತು. ಏಳೂ ಏರಿದವು. ಬಿಸಿಲು ಬರುವ ಮೊದಲೇ ಗಿಡಗಳ ಮೇಲೆ ನೆರಳು ಬಿತ್ತು. ಅವನು ಬದುವಿನ ಮೇಲೆ ಕೂತು ನೀರು ಕುಡಿದ, ನನ್ನ ಕಡೆ ನೋಡಲಿಲ್ಲ. ನಾನು ಅಲ್ಲೇ ನಿಂತು ಅತ್ತೆ.

ಮಂಡಳಿಯವರಿಗೆ ಇದನ್ನು ಹೇಳಿದೆ. ತಮ್ಮನ ಮೇಲಿನ ಮಮತೆ ಸಾಕ್ಷಿ ಆಗುವುದಿಲ್ಲ ಅಂದರು. ವಂಶದ ರೋಗವಾದರೆ ವಂಶದ ಪುಸ್ತಕವೇ ಆಧಾರವಂತೆ. ಮೊದಲ ರೋಗಿ ಇಂಥ ಮೈಯಿಟ್ಟುಕೊಂಡು ಏನೇನು ಮಾಡುತ್ತಿದ್ದಳು, ತೋರಿಸಿ ಅಂದರು. ಮೊದಲ ರೋಗಿ ನೀನು. ಪುಸ್ತಕ ತೆರೆದೆ. ಐವತ್ನಾಲ್ಕು, ಐವತ್ನಾಲ್ಕು, ಐವತ್ನಾಲ್ಕು. ನೀನು ರೊಟ್ಟಿ ಹೇಗೆ ಬಡಿದೆ, ಕೊಡ ಏರಿಸಲು ಏನು ಉಪಾಯ ಮಾಡಿದೆ, ಕಟ್ಟೆ ಹತ್ತುವಾಗ ಯಾವ ಕಾಲು ಮೊದಲಿಟ್ಟೆ, ಒಂದಕ್ಷರ ಇಲ್ಲ.

ಅದಕ್ಕೇ ಈ ಪತ್ರ. ನಿನ್ನ ಕೈಯಲ್ಲಿ ಇನ್ನೂ ಸಮಯವಿದೆ. ತೂಕದ ಪಕ್ಕದಲ್ಲಿ ನಿನ್ನ ಕೈಯಾರೆ ನಾಲ್ಕು ಸಾಲು ಬರೆ. ನಿನಗೆ ಆಗುವುದನ್ನು ಬರೆ, ಆಗದ್ದನ್ನೂ ನಾಚಿಕೆಪಡದೆ ಬರೆ, ಹೇಗೆ ಮಾಡುತ್ತೀ ಅನ್ನುವುದನ್ನು ತಪ್ಪದೆ ಬರೆ. ಅತ್ತೆ ಗೊಣಗಿದರೆ ಗೊಣಗಲಿ. ಮತ್ತೆ, ಸುಮ್ಮನೆ ಕೂರಬೇಡ, ಬಿದ್ದು ಏಟು ಮಾಡಿಕೊಳ್ಳಲೂಬೇಡ. ನರ ಮತ್ತು ಮಾಂಸಖಂಡದ ರೋಗ ಬಲ್ಲ ಡಾಕ್ಟರು ನಿಮ್ಮ ಕಾಲದಲ್ಲೂ ಇದ್ದಾರೆ, ಹೋಗಿ ತೋರಿಸು.

ನಾಳೆ ಹತ್ತಕ್ಕೆ ಮುಂಚೆ ಪುಸ್ತಕ ಇನ್ನೊಮ್ಮೆ ತೆರೆಯುತ್ತೇನೆ. ನಿನ್ನ ಸಾಲು ಇದ್ದರೆ ಅದನ್ನೇ ಓದುತ್ತೇನೆ. ಇಲ್ಲದಿದ್ದರೂ ನಿನ್ನ ಮೇಲೆ ಸಿಟ್ಟಿಲ್ಲ, ಯಾರೂ ಕೇಳದೇ ಇದ್ದದ್ದನ್ನು ನೀನು ಯಾರಿಗೆ ಹೇಳಬೇಕಿತ್ತು? ಆಗ ಎಲ್ಲರೆದುರು ನನ್ನ ಸಹಿಯ ಮೇಲೆ ನಾನೇ ಗೀಟೆಳೆಯುತ್ತೇನೆ. ಕೆಲಸ ಹೋದರೆ ಹೋಗಲಿ. ಕನ್ನಡಿಯ ತಪ್ಪು ಏನೂ ಇಲ್ಲ, ತಪ್ಪು ನನ್ನದು ಅನ್ನುತ್ತೇನೆ. ನನ್ನ ತಮ್ಮ ನನ್ನೆದುರಿಗೇ ನಿಂತಿದ್ದ, ನಾನು ಅವನನ್ನು ನೋಡಲೇ ಇಲ್ಲ.

ನಿನ್ನ ಕುಡಿ,
ನೀಲವ್ವ