ಮರವಾಗಿ ನಿಂತ ಅಕ್ಕ

ಜುಲೈ ೧೪, ಮಂಗಳವಾರ.

ಅಕ್ಕನನ್ನು ಅಳಿಸಲು ಇವತ್ತೂ ಮನಸ್ಸು ಬರಲಿಲ್ಲ.

ಲೇಸರ್ ಸ್ಕ್ಯಾನರ್ ಬೆನ್ನಿಗೇರಿಸಿಕೊಂಡು ನಾನು ಕಾಡಿನ ನಕ್ಷೆ ತೆಗೆಯುವುದನ್ನು ನೋಡಲು ಅವಳು ಒಮ್ಮೆ ಬಂದಿದ್ದಳು. "ಅಲ್ಲಾಡಬೇಡ ಅಕ್ಕಾ, ನಕ್ಷೆ ಕೆಡುತ್ತೆ" ಅಂದೆ. "ಆಯ್ತು ತಾಯಿ, ನಾನೂ ಒಂದು ಮರ ಅಂದ್ಕೋ" ಎಂದು ನನ್ನತ್ತ ಎರಡೂ ಕೈ ಚಾಚಿ ನಿಂತುಬಿಟ್ಟಳು. ನಕ್ಷೆಯಲ್ಲಿ ಕಂಪ್ಯೂಟರ್ ಅವಳನ್ನು ನಿಜಕ್ಕೂ ಮರವೆಂದೇ ಎಣಿಸಿದೆ. ಅದಾದ ಮೇಲಿನ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

"ಅದು ಮನುಷ್ಯರ ಆಕಾರ, ತೆಗೆದುಬಿಡಿ. ಮರದ ಲೆಕ್ಕ ತಪ್ಪುತ್ತೆ" ಎಂದರು ಪ್ರೊಫೆಸರ್. ಅವರ ಮಾತು ಸರಿಯೇ. ಅದಕ್ಕೇ ಇನ್ನಷ್ಟು ಸಿಟ್ಟು.

ಪರದೆಯ ಮೇಲೆ ಕಾಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಯಂತ್ರ ಹೊತ್ತವಳು ನಕ್ಷೆಯಲ್ಲಿ ಮೂಡುವುದಿಲ್ಲ. ಅಕ್ಕ ಕೈ ಚಾಚಿದ ಕಡೆ ಬರೀ ನೆಲ.

ಅಲ್ಲೇ ಇದ್ದೆ ಅಕ್ಕಾ, ನಾನು ಅಲ್ಲೇ...